ಆಟದಂಗಳಕ್ಕೆ ಕದ್ದು ಹೋದ ತಂಡ

ಮಳೆಗಾಲ ಮುಗಿದು ಶಾಲೆಯ ಅಂಗಳ ಒಣಗಿತೆಂದರೆ ನಮ್ಮಲ್ಲಿ ಪಂದ್ಯಗಳ ಕಾಲ ಬಂದಂತೆಯೇ. ಯಾವ ತರಗತಿ ಗೆದ್ದಿತು, ಯಾವ ಶಾಲೆ ಸೋತಿತು, ಮುಂದಿನ ಸುತ್ತಿಗೆ ಯಾರು ಹೋಗುವರು ಎಂಬ ಚರ್ಚೆ ಊಟದ ಡಬ್ಬಿ ಬಿಚ್ಚಿದಲ್ಲೆಲ್ಲ ನಡೆಯುತ್ತದೆ. ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುವುದೆಂಬ ಮಾತನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಹಗಲಾದ ಮೇಲೆ ರಾತ್ರಿ ಬರುವಷ್ಟು ಸಹಜವೆಂದೇ ಅದನ್ನು ಬಗೆದಿರುತ್ತೇವೆ. ಆದರೆ ಗೆದ್ದರೂ ಮುಂದೆ ಹೋಗಬಾರದೆಂದು ತನ್ನ ನಾಡಿನ ಹಿರಿಯರಿಂದಲೇ ತಡೆಯಲ್ಪಟ್ಟ ತಂಡವೊಂದು ಅಮೆರಿಕದಲ್ಲಿದ್ದಿತು. ಹೀಗಾದುದು ಒಂದು ಸಲವಲ್ಲ, ಮೂರು ಸಲ. ನಾಲ್ಕನೆಯ ಸಲ ಅದು ಏನು ಮಾಡಿತು, ಅದರಿಂದ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಆ ಆಟ ಬ್ಯಾಸ್ಕೆಟ್‌ಬಾಲ್. ಆ ಋತು ೧೯೬೨-೬೩ರದು.

ಮೊದಲು ಆಟದ ವಿಷಯವಾಗಿ ಎರಡು ಮಾತು. ಬ್ಯಾಸ್ಕೆಟ್‌ಬಾಲ್ ಆಟ ಕ್ರಿಕೆಟ್ಟಿನಂತೆ ತಾನಾಗಿ ಬೆಳೆದು ಬಂದುದಲ್ಲ. ಒಬ್ಬ ಉಪಾಧ್ಯಾಯರು ಕುಳಿತು ಯೋಚಿಸಿ ಕಂಡುಹಿಡಿದುದು. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಅಲ್ಲಿಯ ಚಳಿಗಾಲದಲ್ಲಿ ಹಿಮ ಬಿದ್ದು ಹೊರಗೆ ಆಡುವಂತಿಲ್ಲ; ಒಳಗೆ ಬರಿಯ ಕಸರತ್ತು ಮಾಡಿ ಹುಡುಗರಿಗೆ ಬೇಸರ. ೧೮೯೧ರ ಡಿಸೆಂಬರಿನಲ್ಲಿ ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಕಾಲ್ಚೆಂಡನ್ನೇ ಹುಡುಗರ ಕೈಗೆ ಕೊಟ್ಟು, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು. ಹತ್ತು ಅಡಿಯ ಎತ್ತರ ಮಾತ್ರ ಇಂದಿಗೂ ಹಾಗೆಯೇ ಇದೆ. ನೈಸ್ಮಿತ್ತರು ಕಲಿಸುತ್ತಿದ್ದುದು ವೈ. ಎಂ. ಸಿ. ಎ. ಸಂಸ್ಥೆಯ ವಿದ್ಯಾಲಯದಲ್ಲಿ. ಆ ಸಂಸ್ಥೆ ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಈ ಆಟವೂ ಹೋಯಿತು. ೧೯೨೦ರಲ್ಲಿ ಎಚ್. ಸಿ. ಬಕ್ ಎಂಬವರು ಮದರಾಸಿನಲ್ಲಿ ಇದೇ ಸಂಸ್ಥೆಯ ವ್ಯಾಯಾಮ ಶಿಕ್ಷಣ ವಿದ್ಯಾಲಯವನ್ನು ಆರಂಭಿಸಿದರು. ನಮ್ಮ ಮುಂಬಯಿಯ ನಾಗಪಾಡಾದ ಇಕ್ಕಟ್ಟಾದ ಕೇರಿಗಳಲ್ಲಿ ಹುಡುಗರು ಈ ಆಟವನ್ನು ಎಂತಹ ಅಕ್ಕರೆಯಿಂದ ಆಡುವರೆಂಬುದನ್ನು ಆ ಕಡೆ ಹೋದವರು ಕಂಡೇ ಇರುತ್ತೀರಿ.

ನಾವು ಹೇಳಹೊರಟ ಕಾಲದಲ್ಲಿ ಅಮೆರಿಕದ ಕಾಲೇಜು ಪಂದ್ಯ ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಭಾಗಗಳಲ್ಲಿ ನಡೆಯುತ್ತಿತ್ತು. ಪ್ರತಿ ಪಕ್ಷಕ್ಕೆ ಐವರು ಆಟಗಾರರು. ಆಟದ ನಡುವೆ ಚೆಂಡು ಬಳೆಯೊಳಗೆ ಬಿದ್ದರೆ ಎರಡು ಅಂಕ. ಎದುರಾಳಿಯ ತಪ್ಪಿಗಾಗಿ ದೊರೆತ ಎಸೆತಕ್ಕೆ ಒಂದು ಅಂಕ. ಐದು ತಪ್ಪು ಮಾಡಿದವನು ಹೊರಗೆ. ದೂರದಿಂದ ಎಸೆದರೆ ಮೂರು ಅಂಕ ಎಂಬ ನಿಯಮ ಆಗ ಇರಲಿಲ್ಲ. ಇಷ್ಟು ಸೆಕೆಂಡುಗಳೊಳಗೆ ಚೆಂಡನ್ನು ಎಸೆಯಲೇಬೇಕೆಂಬ ಕಟ್ಟಳೆಯೂ ಇರಲಿಲ್ಲ. ಇದರಿಂದ ಒಂದು ಪರಿಣಾಮವುಂಟಾಗುತ್ತಿತ್ತು. ಎದುರಾಳಿ ಬಲಶಾಲಿಯಾಗಿದ್ದರೆ ಚೆಂಡನ್ನು ತಮ್ಮತಮ್ಮಲ್ಲೇ ಕೈಯಿಂದ ಕೈಗೆ ಸಾಗಿಸುತ್ತ, ಒಳ್ಳೆಯ ಸಂದಿ ಸಿಗುವವರೆಗೆ ಕಾಯಬಹುದಾಗಿತ್ತು. ಚೆಂಡು ನಮ್ಮ ಕೈಯಲ್ಲಿರುವಷ್ಟು ಹೊತ್ತು ಎದುರಾಳಿ ಅಂಕ ಗಳಿಸಲಾರನಷ್ಟೆ! ಈ ಉಪಾಯವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸಂಗ ಬರುವುದು.

ಇನ್ನು ಲೀಗ್ ಎಂದರೇನು? ಸೋತೊಡನೆ ಮನೆಗೆ ಹೋಗುವ ಪಂದ್ಯಾವಳಿಗೂ ಲೀಗಿಗೂ ವ್ಯತ್ಯಾಸವುಂಟು. ಲೀಗಿನಲ್ಲಿ ಒಂದು ಪ್ರಾಂತದ ತಂಡಗಳು ತಿಂಗಳುಗಟ್ಟಲೆ ಒಂದರೊಡನೊಂದು ಆಡುತ್ತವೆ. ಒಮ್ಮೆ ನಮ್ಮ ಅಂಗಳದಲ್ಲಿ, ಇನ್ನೊಮ್ಮೆ ಅವರ ಅಂಗಳದಲ್ಲಿ. ಕೊನೆಯಲ್ಲಿ ಯಾರ ಗೆಲುವು ಹೆಚ್ಚೋ ಅವರೇ ಪ್ರಾಂತದ ವಿಜೇತರು. ಒಂದು ದಿನದ ಅದೃಷ್ಟದಿಂದ ಪಂದ್ಯಾವಳಿಯನ್ನು ಗೆಲ್ಲಬಹುದು. ಲೀಗನ್ನು ಗೆಲ್ಲಲು ಇಡೀ ಋತುವಿನ ಶ್ರಮ ಬೇಕು. ಅಮೆರಿಕದ ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಇಂತಹ ಲೀಗಿಗೆ ಸೌತ್ ಈಸ್ಟರ್ನ್ ಕಾನ್ಫರೆನ್ಸ್ ಎಂದು ಹೆಸರು. ನಾವು ಅದನ್ನು ಆಗ್ನೇಯ ಒಕ್ಕೂಟವೆಂದು ಕರೆಯೋಣ. ೧೯೩೨ರಲ್ಲಿ ಸ್ಥಾಪಿತವಾದ ಆ ಒಕ್ಕೂಟದಲ್ಲಿ ೧೯೬೨-೬೩ರಲ್ಲಿ ಏಳು ಪ್ರಾಂತಗಳ ಹನ್ನೆರಡು ವಿದ್ಯಾಲಯಗಳಿದ್ದವು. ಋತು ಡಿಸೆಂಬರಿನಲ್ಲಿ ಆರಂಭವಾಗಿ ಮಾರ್ಚಿನಲ್ಲಿ ಮುಗಿಯುತ್ತಿತ್ತು. ಅದರ ವಿಜೇತ ತಂಡಕ್ಕೆ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಗೆ ಆಹ್ವಾನ. ಆ ವರ್ಷ ಇಡೀ ದೇಶದಿಂದ ಇಪ್ಪತ್ತೈದು ತಂಡಗಳಿಗೆ ಮಾತ್ರ ಈ ಭಾಗ್ಯವಿದ್ದಿತು. ಹೀಗಿರುವಾಗ ಒಕ್ಕೂಟದ ಜಯವೆಂದರೆ ಎಷ್ಟು ದೊಡ್ಡದೆಂಬುದನ್ನು ಊಹಿಸಿಕೊಳ್ಳಬಹುದು.

ಆದರೆ ಈ ಹನ್ನೆರಡು ತಂಡಗಳಲ್ಲಿಯೂ ಆಡುತ್ತಿದ್ದವರು ಬಿಳಿಯರು ಮಾತ್ರ. ಆ ಪ್ರಾಂತಗಳಲ್ಲಿ ಕಪ್ಪುವರ್ಣದ ಜನರು ಲಕ್ಷಗಟ್ಟಲೆ ಇದ್ದರು. ಗುಲಾಮಗಿರಿ ಹೋಗಿ ಸುಮಾರು ನೂರು ವರ್ಷಗಳಾಗಿದ್ದರೂ ಅವರಿಗೆ ಬೇರೆ ಶಾಲೆ, ಬೇರೆ ಬಸ್ಸಿನ ಆಸನ, ಬೇರೆ ನೀರಿನ ನಲ್ಲಿ. ೧೯೫೪ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಇಂತಹ ಭೇದ ಸಲ್ಲದೆಂದು ತೀರ್ಪು ಕೊಟ್ಟಿತು. ಆದರೂ ದಕ್ಷಿಣದ ಪ್ರಾಂತಗಳು, ಅವುಗಳಲ್ಲಿಯೂ ಮಿಸಿಸಿಪಿ, ಆ ತೀರ್ಪಿಗೆ ತಲೆಬಾಗಲಿಲ್ಲ. ಮಿಸಿಸಿಪಿಯಲ್ಲಿ ಇನ್ನೂ ಒಂದು ಕಟ್ಟುಪಾಡು ಇದ್ದಿತು. ಅದು ಯಾವ ಕಾನೂನಿನ ಪುಸ್ತಕದಲ್ಲಿಯೂ ಬರೆದುದಲ್ಲ. ಆದರೆ ಬರೆದ ಕಾನೂನಿಗಿಂತ ಬಿಗಿಯಾಗಿದ್ದಿತು. ಆ ಪ್ರಾಂತದ ಯಾವ ಸರಕಾರಿ ಕಾಲೇಜಿನ ತಂಡವೂ ಕಪ್ಪುವರ್ಣದ ಆಟಗಾರರಿರುವ ತಂಡದೊಡನೆ ಆಡಬಾರದೆಂಬುದೇ ಆ ಕಟ್ಟುಪಾಡು. ಒಕ್ಕೂಟದೊಳಗೆ ಎಲ್ಲರೂ ಬಿಳಿಯರಾದುದರಿಂದ ಅಲ್ಲಿ ತೊಡಕಿಲ್ಲ. ಗೆದ್ದು ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವೆವೆಂದರೆ ತೊಡಕು.

ಮಿಸಿಸಿಪಿಯ ಸ್ಟಾರ್ಕ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮಿಸಿಸಿಪಿ ಸ್ಟೇಟ್ ಎಂಬ ವಿಶ್ವವಿದ್ಯಾಲಯವಿದೆ. ಬೇಬ್ ಮೆಕಾರ್ಥಿ ಎಂಬವರು ಅಲ್ಲಿ ತರಬೇತು ಕೊಡತೊಡಗಿದ ಮೇಲೆ ಅದರ ತಂಡ ಬಲಗೊಂಡಿತು. ೧೯೫೯ರಲ್ಲಿ ಇಪ್ಪತ್ತೈದು ಪಂದ್ಯಗಳನ್ನಾಡಿ ಇಪ್ಪತ್ತನಾಲ್ಕನ್ನು ಗೆದ್ದು ಒಕ್ಕೂಟದ ವಿಜೇತವಾಯಿತು. ಆಹ್ವಾನ ಬಂದಿತು, ತಂಡ ಹೋಗಲಿಲ್ಲ. ೧೯೬೧ರಲ್ಲಿ ಮತ್ತೆ ಗೆದ್ದಿತು, ಹೋಗಲಿಲ್ಲ. ೧೯೬೨ರಲ್ಲಿ ಕೆಂಟಕಿಯ ಪ್ರಸಿದ್ಧ ತಂಡದೊಡನೆ ಸಮಸಮವಾಗಿ ವಿಜಯವನ್ನು ಹಂಚಿಕೊಂಡಿತು, ಆಗಲೂ ಹೋಗಲಿಲ್ಲ. ಮೂರು ಸಲವೂ ಅದರ ಬದಲಿಗೆ ಹೋದುದು ಕೆಂಟಕಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ. ಭೇದದ ಕಟ್ಟುಪಾಡು ಯಾರನ್ನು ಹೊರಗಿಡಲು ಹುಟ್ಟಿತೋ ಅವರನ್ನು ನೋಯಿಸಿದುದಂತೂ ಸರಿಯೇ. ತಾನು ರಕ್ಷಿಸುವೆನೆಂದು ಹೇಳಿದ ಬಿಳಿಯ ಹುಡುಗರನ್ನೂ ಅದು ಮನೆಯಲ್ಲಿ ಕೂಡಿಹಾಕಿತು.

ಹಾಗಾದರೆ ಆ ಪ್ರಾಂತಗಳ ಕಪ್ಪುವರ್ಣದ ಹುಡುಗರು ಎಲ್ಲಿ ಆಡುತ್ತಿದ್ದರು? ಟೆನೆಸಿ ಪ್ರಾಂತದ ನ್ಯಾಶ್‌ವಿಲ್ ನಗರವನ್ನೇ ನೋಡೋಣ. ಆಗ್ನೇಯ ಒಕ್ಕೂಟಕ್ಕೆ ಸೇರಿದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆ ನಗರದಲ್ಲಿಯೇ ಇದೆ. ಅದೇ ನಗರದಲ್ಲಿ ಕಪ್ಪುವರ್ಣದ ಮಕ್ಕಳಿಗಾಗಿ ಪರ್ಲ್ ಹೈಸ್ಕೂಲ್ ಇದ್ದಿತು. ಆ ಶಾಲೆಯ ಲೆಸ್ ಹಂಟರ್ ಮತ್ತು ವಿಕ್ ರೌಸ್ ಎಂಬ ಇಬ್ಬರು ಉತ್ತಮ ಆಟಗಾರರಿಗೆ ತಮ್ಮ ಊರಿನ ಆ ಅಂಗಳದಲ್ಲಿ ಸ್ಥಳವಿರಲಿಲ್ಲ. ಅವರು ಉತ್ತರದ ಶಿಕಾಗೊ ನಗರಕ್ಕೆ ಹೋಗಿ ಲಯೋಲ ಎಂಬ ಕ್ರೈಸ್ತ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಜಾರ್ಜ್ ಐರ್ಲೆಂಡ್ ಎಂಬವರು ತರಬೇತುದಾರರು. ನ್ಯೂಯಾರ್ಕಿನ ಜೆರಿ ಹಾರ್ಕ್‌ನೆಸ್ ನಾಯಕ. ಐವರಲ್ಲಿ ಹಾರ್ಕ್‌ನೆಸ್, ಹಂಟರ್, ರೌಸ್, ರಾನ್ ಮಿಲ್ಲರ್ ಈ ನಾಲ್ವರು ಕಪ್ಪುವರ್ಣದವರು; ಜ್ಯಾಕ್ ಈಗನ್ ಒಬ್ಬನೇ ಬಿಳಿಯ. ಉತ್ತರದಲ್ಲಿಯೂ ಕೂಡ ಕಪ್ಪುವರ್ಣದ ಇಷ್ಟು ಮಂದಿಯನ್ನು ಒಟ್ಟಿಗೆ ಅಂಗಳಕ್ಕಿಳಿಸಲು ಅನೇಕ ತರಬೇತುದಾರರು ಅಂದು ಹಿಂಜರಿಯುತ್ತಿದ್ದರು. ಐರ್ಲೆಂಡರು ಹಿಂಜರಿಯಲಿಲ್ಲ. ಆ ವರ್ಷ ದೇಶದ ದೊಡ್ಡ ಕಾಲೇಜುಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ತಂಡ ಅವರದಾಗಿದ್ದಿತು.

ಈಗ ೧೯೬೨-೬೩ರ ಋತುವಿಗೆ ಬರೋಣ. ಋತು ಆರಂಭವಾಗುವ ಮೊದಲೇ ಮಿಸಿಸಿಪಿ ಕುದಿಯುತ್ತಿದ್ದಿತು. ಸೆಪ್ಟೆಂಬರ್ ೩೦ರ ರಾತ್ರಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪುವರ್ಣದ ತರುಣನನ್ನು ಆ ಪ್ರಾಂತದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವುದನ್ನು ವಿರೋಧಿಸಿ ದೊಡ್ಡ ದೊಂಬಿ ನಡೆದು ಇಬ್ಬರು ಸತ್ತರು. ಸೈನ್ಯ ಬರಬೇಕಾಯಿತು. ಮರುದಿನ ಮೆರೆಡಿತ್ ಪ್ರವೇಶ ಪಡೆದ. ಪ್ರಾಂತದ ಗವರ್ನರ್ ರಾಸ್ ಬಾರ್ನೆಟ್ ಭೇದನೀತಿಯ ಕಟ್ಟಾ ಪಕ್ಷಪಾತಿಗಳು. ಇಂತಹ ವಾತಾವರಣದಲ್ಲಿ ಮೆಕಾರ್ಥಿಯವರ ಹುಡುಗರು ಆಡತೊಡಗಿದರು. ಜೋ ಡ್ಯಾನ್ ಗೋಲ್ಡ್ ನಾಯಕ. ಆತನಿಗೂ ಲೀಲೆಂಡ್ ಮಿಚೆಲ್ ಮೊದಲಾದ ಜೊತೆಗಾರರಿಗೂ ಅದು ಕಾಲೇಜಿನ ಕೊನೆಯ ವರ್ಷ. ಹಿಂದಿನ ಎರಡು ವರ್ಷ ಗೆದ್ದೂ ಮನೆಯಲ್ಲಿ ಕುಳಿತವರೇ ಅವರು. ಈ ಸಲವೂ ಕುಳಿತರೆ ಮತ್ತೆ ಅವಕಾಶವಿಲ್ಲ. ಒಕ್ಕೂಟದ ಹದಿನಾಲ್ಕು ಪಂದ್ಯಗಳಲ್ಲಿ ಹನ್ನೆರಡನ್ನು ಗೆದ್ದು ಅವರು ಮತ್ತೆ ಅಗ್ರಸ್ಥಾನಕ್ಕೆ ಬಂದರು.

ನಿರ್ಧಾರ ಈಗ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಡೀನ್ ಕಾಲ್ವರ್ಡರ ಕೈಗೆ ಬಂದಿತು. ಅವರೇನೂ ಚಳವಳಿಗಾರರಲ್ಲ, ಕೃಷಿ ವಿಜ್ಞಾನ ಓದಿದ ಸೌಮ್ಯ ಸ್ವಭಾವದ ವಿದ್ವಾಂಸರು. ವಿದ್ಯಾರ್ಥಿಗಳು ತಂಡ ಹೋಗಲೇಬೇಕೆಂದು ಮನವಿ ಸಲ್ಲಿಸಿದ್ದರು. ೧೯೬೩ರ ಮಾರ್ಚ್ ೨ರಂದು ಕಾಲ್ವರ್ಡರು, ಅಧಿಕಾರವುಳ್ಳವರು ತಡೆಯದಿದ್ದರೆ ತಂಡವನ್ನು ಕಳುಹಿಸುವುದಾಗಿ ಪ್ರಕಟಿಸಿದರು. ಪ್ರಾಂತವೆಲ್ಲ ಗಲಿಬಿಲಿಗೊಂಡಿತು. ಪತ್ರಿಕೆಯೊಂದು, ನೋಡಿರಿ, ನಮ್ಮ ಹುಡುಗರು ಆಡಹೊರಟಿರುವುದು ಇಂತಹವರೊಡನೆ ಎಂದು ಎಚ್ಚರಿಸುವಂತೆ ಲಯೋಲದ ಆಟಗಾರರ ಭಾವಚಿತ್ರವನ್ನು ಅಚ್ಚು ಹಾಕಿತು. ಮಾರ್ಚ್ ೯ರಂದು ಕಾಲೇಜುಗಳ ಮೇಲ್ವಿಚಾರಣಾ ಮಂಡಲಿ ಸಭೆ ಸೇರಿ, ಎಂಟು ಮತಕ್ಕೆ ಮೂರರಂತೆ, ತಂಡ ಹೋಗಬಹುದೆಂದು ತೀರ್ಮಾನಿಸಿತು. ಇಷ್ಟಕ್ಕೆ ಮುಗಿಯಿತೆಂದುಕೊಂಡರೆ, ಮಾರ್ಚ್ ೧೩ರಂದು ಪ್ರಾಂತದ ಇಬ್ಬರು ರಾಜಕಾರಣಿಗಳು ಕೆಳಗಿನ ನ್ಯಾಯಾಲಯವೊಂದರಿಂದ ತಡೆಯಾಜ್ಞೆ ತಂದರು. ಪಂದ್ಯ ಇನ್ನೆರಡು ದಿನವಿದೆ. ಕೈಗೆ ಬಂದ ತುತ್ತು ನಾಲ್ಕನೆಯ ಸಲವೂ ಬಾಯಿಗೆ ಬಾರದೆ ಹೋಗುವಂತಾಯಿತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಯಬೇಕು. ತಡೆಯಾಜ್ಞೆಯ ಕಾಗದವನ್ನು ಸಂಬಂಧಪಟ್ಟವರ ಕೈಗೆ ಮುಟ್ಟಿಸಬೇಕು. ಮುಟ್ಟಿಸುವ ಅಧಿಕಾರಿಯ ಅಧಿಕಾರ ಪ್ರಾಂತದ ಗಡಿಯೊಳಗೆ ಮಾತ್ರ. ಕಾಗದ ತರುವವರು ಬರುವ ಮೊದಲೇ ಗಡಿ ದಾಟಿದರೆ? ಆ ರಾತ್ರಿಯೇ ಮೆಕಾರ್ಥಿಯವರು ಕಾರಿನಲ್ಲಿ ನೆರೆಯ ಟೆನೆಸಿಯ ಮೆಂಫಿಸ್ ನಗರಕ್ಕೆ ಹೊರಟುಹೋದರು. ಕಾಲ್ವರ್ಡರು ಅಲಬಾಮದ ಬರ್ಮಿಂಗ್‌ಹ್ಯಾಮಿಗೆ ಹೋದರು. ಮುಖ್ಯ ಆಟಗಾರರು ಊರಿನಲ್ಲಿಯೇ ಉಳಿದರು. ಮರುದಿನ ಬೆಳಿಗ್ಗೆ ಮೊದಲು ಮೀಸಲು ಆಟಗಾರರನ್ನು ವಿಮಾನ ನಿಲ್ದಾಣಕ್ಕೆ ಕಳುಹಿಸಲಾಯಿತು. ಪೋಲೀಸರು ಹಿಡಿದರೆ ಇವರನ್ನು ಹಿಡಿಯಲಿ ಎಂಬ ಹಂಚಿಕೆ. ಯಾರೂ ತಡೆಯಲಿಲ್ಲವೆಂದು ತಿಳಿದೊಡನೆ ಉಳಿದವರು ಧಾವಿಸಿ ಬಂದು ವಿಮಾನ ಹತ್ತಿದರು. ನ್ಯಾಶ್‌ವಿಲ್‌ನಲ್ಲಿ ತರಬೇತುದಾರರನ್ನು ಕೂಡಿಕೊಂಡು ಉತ್ತರಕ್ಕೆ ಹಾರಿದರು. ಅದೇ ದಿನ ಮೇಲಿನ ನ್ಯಾಯಾಲಯದ ನ್ಯಾಯಮೂರ್ತಿಗಳೊಬ್ಬರು ತಡೆಯಾಜ್ಞೆಯನ್ನು ಅಮಾನತ್ತಿನಲ್ಲಿಟ್ಟರು. ಆಟವಾಡಲು ಹೊರಟ ಹುಡುಗರು ಕಳ್ಳರಂತೆ ಊರು ಬಿಡಬೇಕಾಯಿತೆಂದರೆ ನಮಗೆ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ.

ಪಂದ್ಯ ಮಾರ್ಚ್ ೧೫ರಂದು ಮಿಷಿಗನ್ ಪ್ರಾಂತದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ. ಲಯೋಲ ಹಿಂದಿನ ಸುತ್ತಿನಲ್ಲಿ ಒಂದು ತಂಡವನ್ನು ೧೧೧-೪೨ರಿಂದ ಸೋಲಿಸಿ ಬಂದಿದ್ದಿತು. ಹಾರ್ಕ್‌ನೆಸ್ಸನಿಗೂ ಅವನ ಜೊತೆಗಾರರಿಗೂ ಬೆದರಿಕೆಯ ಪತ್ರಗಳು ಬಂದಿದ್ದವು. ಆಟಕ್ಕೆ ಮುಂಚೆ ಇಬ್ಬರು ನಾಯಕರೂ ಅಂಗಳದ ನಡುವಿಗೆ ನಡೆದು ಬಂದರು. ಬಿಳಿಯನಾದ ಗೋಲ್ಡ್ ಕೈಚಾಚಿದ, ಹಾರ್ಕ್‌ನೆಸ್ ಕೈಹಿಡಿದ. ಆ ಕ್ಷಣದಲ್ಲಿ ಛಾಯಾಚಿತ್ರಗಾರರ ದೀಪಗಳು ಒಮ್ಮೆಲೇ ಮಿಂಚಿದವು. ಇದು ಬರಿಯ ಆಟವಲ್ಲ, ಇತಿಹಾಸವೆಂದು ತನಗೆ ಹೊಳೆದುದು ಆಗಲೇ ಎಂಬುದಾಗಿ ಹಾರ್ಕ್‌ನೆಸ್ ಮುಂದೆ ಎಷ್ಟೋ ವರ್ಷಗಳ ಬಳಿಕ ನೆನೆದುಕೊಂಡದ್ದುಂಟು.

ಮಿಸಿಸಿಪಿ ಸ್ಟೇಟ್ ಮೊದಲು ಏಳು ಅಂಕಗಳನ್ನು ಗಳಿಸಿತು. ಅಷ್ಟರವರೆಗೆ ಲಯೋಲಕ್ಕೆ ಒಂದೂ ಇಲ್ಲ. ನಾವು ಹಿಂದೆ ಹೇಳಿದ ಉಪಾಯವನ್ನೇ ಮೆಕಾರ್ಥಿಯವರ ಹುಡುಗರು ಹಿಡಿದಿದ್ದರು. ಚೆಂಡನ್ನು ಬಿಡದೆ, ಅವಸರಪಡದೆ ಆಡಿದರು. ಆದರೆ ಲಯೋಲದ ವೇಗಕ್ಕೂ ಎತ್ತರಕ್ಕೂ ಕೊನೆಯವರೆಗೆ ಒಡ್ಡು ಕಟ್ಟಲಾಗಲಿಲ್ಲ. ಲಯೋಲ ೬೧-೫೧ರಿಂದ ಗೆದ್ದಿತು. ನೂರಕ್ಕೆ ಹತ್ತಿರದ ಅಂಕಗಳನ್ನು ಗಳಿಸುತ್ತಿದ್ದ ತಂಡವನ್ನು ಅರುವತ್ತೊಂದಕ್ಕೆ ಕಟ್ಟಿಹಾಕಿದುದು ಸೋತವರಿಗೂ ಕೀರ್ತಿಯೇ ಸರಿ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಏನೆಂದರೆ, ಅಂದು ವಿಶೇಷವಾದುದು ಯಾವುದೂ ನಡೆಯಲಿಲ್ಲ! ಜಗಳವಿಲ್ಲ, ಬೈಗುಳವಿಲ್ಲ, ಬಿದ್ದವನನ್ನು ಎದುರಾಳಿಯೇ ಎತ್ತಿ ನಿಲ್ಲಿಸಿದ. ಇವರು ಒಟ್ಟಿಗೆ ಆಡಿದರೆ ಅನರ್ಥವಾದೀತೆಂದು ಹೇಳುತ್ತಿದ್ದವರ ಮಾತು ನಲವತ್ತು ನಿಮಿಷಗಳಲ್ಲಿ ಸುಳ್ಳಾಯಿತು. ತಂಡ ಸ್ಟಾರ್ಕ್‌ವಿಲ್‌ಗೆ ಮರಳಿದಾಗ ಊರ ಜನ ಸಂತೋಷದಿಂದಲೇ ಸ್ವಾಗತಿಸಿದರು.

ಲಯೋಲ ಮುಂದೆ ಸಾಗಿ ಮಾರ್ಚ್ ೨೩ರಂದು ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿ ಅಂತಿಮ ಪಂದ್ಯವನ್ನಾಡಿತು. ಎದುರಾಳಿ, ಹಿಂದಿನ ಎರಡು ವರ್ಷಗಳ ವಿಜೇತ ತಂಡವಾದ ಸಿನ್‌ಸಿನಾಟಿ. ಎರಡನೆಯ ಭಾಗದಲ್ಲಿ ಒಂದು ಹೊತ್ತು ಹದಿನೈದು ಅಂಕಗಳಷ್ಟು ಹಿಂದೆ ಬಿದ್ದಿದ್ದ ಲಯೋಲ, ಕೊನೆಯ ಸೆಕೆಂಡುಗಳಲ್ಲಿ ಹಾರ್ಕ್‌ನೆಸ್ಸನ ಎಸೆತದಿಂದ ೫೪-೫೪ಕ್ಕೆ ಸಮ ಮಾಡಿತು. ಐದು ನಿಮಿಷಗಳ ಹೆಚ್ಚುವರಿ ಆಟದ ಕೊನೆಯ ಕ್ಷಣದಲ್ಲಿ, ಬಳೆಗೆ ತಗಲಿ ಮರಳಿದ ಚೆಂಡನ್ನು ವಿಕ್ ರೌಸ್ ಮೇಲೆಯೇ ತಳ್ಳಿ ಒಳಗೆ ಹಾಕಿದ. ೬೦-೫೮! ಲಯೋಲದ ಐವರೂ ನಲವತ್ತೈದು ನಿಮಿಷ ಬದಲಿಯಿಲ್ಲದೆ ಆಡಿದ್ದರು. ನ್ಯಾಶ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಸ್ಥಳವಿಲ್ಲದ ಹುಡುಗನ ಕೈಯಿಂದಲೇ ಆ ವರ್ಷದ ರಾಷ್ಟ್ರೀಯ ವಿಜಯ ಸಂದಿತು.

ಒಂದು ಪಂದ್ಯದಿಂದ ನಾಡೆಲ್ಲ ತಿದ್ದಿತೆಂದು ನಾವು ಹೇಳಿದರೆ ಅದು ಸತ್ಯವಾಗದು. ಆ ಪಂದ್ಯವಾದ ಮೂರೇ ತಿಂಗಳಲ್ಲಿ, ೧೯೬೩ರ ಜೂನ್ ೧೨ರಂದು, ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಮೆಡ್ಗರ್ ಎವರ್ಸರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ೧೯೬೪ರಲ್ಲಿ ಭೇದವನ್ನು ನಿಷೇಧಿಸುವ ಕಾಯಿದೆ ಬಂದಿತು. ೧೯೬೫ರಲ್ಲಿ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕಪ್ಪುವರ್ಣದ ಮೊದಲ ವಿದ್ಯಾರ್ಥಿ ಸೇರಿದ. ೧೯೬೭ರ ಡಿಸೆಂಬರಿನಲ್ಲಿ ಪೆರಿ ವಾಲೇಸ್ ಎಂಬಾತ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮುಖ್ಯ ತಂಡದಲ್ಲಿ ಆಡಿ, ಆಗ್ನೇಯ ಒಕ್ಕೂಟದ ಬ್ಯಾಸ್ಕೆಟ್‌ಬಾಲಿನಲ್ಲಿ ಕಪ್ಪುವರ್ಣದ ಮೊದಲ ಆಟಗಾರನೆನಿಸಿದ. ಆತನೂ ನ್ಯಾಶ್‌ವಿಲ್‌ನ ಪರ್ಲ್ ಹೈಸ್ಕೂಲಿನವನೇ! ಹಂಟರ್, ರೌಸರಿಗೆ ಮುಚ್ಚಿದ್ದ ಬಾಗಿಲು ಅದೇ ಶಾಲೆಯ ಹುಡುಗನಿಗೆ ಕೆಲವೇ ವರ್ಷಗಳಲ್ಲಿ ತೆರೆಯಿತು. ಆದರೆ ಒಳಗೆ ಹೋದವನ ದಾರಿ ಹೂವಿನದಾಗಿರಲಿಲ್ಲ. ದಕ್ಷಿಣದ ಊರೂರುಗಳಲ್ಲಿ, ಸ್ಟಾರ್ಕ್‌ವಿಲ್‌ನಲ್ಲಿಯೂ ಕೂಡ, ಪ್ರೇಕ್ಷಕರ ಹೀನ ಬೈಗುಳಗಳನ್ನು ಕೇಳುತ್ತಲೇ ಆತ ಆಡಬೇಕಾಯಿತು. ಮುಂದೆ ಆತ ಕಾನೂನು ಕಲಿತು ಪ್ರಾಧ್ಯಾಪಕನಾದ.

ಇದನ್ನೋದಿ, ಪರದೇಶದವರ ಹುಳುಕು ಎಂದು ನಾವು ಮೂಗು ಮುರಿಯುವಂತಿಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಎಂಬವರು ಅಸ್ಪೃಶ್ಯರೆನಿಸಿಕೊಂಡ ಕುಲದವರು. ತಮ್ಮ ಕಾಲದ ಶ್ರೇಷ್ಠ ಕ್ರಿಕೆಟ್ ಬೌಲರು. ಪುಣೆಯಲ್ಲಿ ಮೇಲುಜಾತಿಯವರ ತಂಡದಲ್ಲಿ ಅವರು ಆಡುವಾಗ ಅಂಗಳದಲ್ಲಿ ಅವರ ಕೈಯ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ ಬೇರೆಯಾಗಿ, ಬಿಸಾಡುವ ಬಟ್ಟಲಿನಲ್ಲಿ ಚಹ. ಅವರು ಎಂದೂ ಹಿಂದೂ ತಂಡದ ಕಾಯಂ ನಾಯಕರಾಗಲಿಲ್ಲ. ೧೯೨೩ರಲ್ಲಿ ಅವರ ತಮ್ಮ ವಿಠ್ಠಲರಿಗೆ ಆ ಸ್ಥಾನ ದೊರೆಯಿತು. ಮಿಸಿಸಿಪಿಯ ಬರೆಯದ ಕಟ್ಟಳೆಯನ್ನು ಅರಿಯಲು ನಮಗೆ ಬೇರೆ ಕನ್ನಡಿ ಬೇಕಾಗಿಲ್ಲ.

೨೦೧೧ರಲ್ಲಿ ಜೋ ಡ್ಯಾನ್ ಗೋಲ್ಡ್ ತೀರಿಕೊಂಡರು. ವೃದ್ಧರಾಗಿದ್ದ ಹಾರ್ಕ್‌ನೆಸ್ ಅಂತ್ಯಕ್ರಿಯೆಗೆ ಹೋದರು. ಆ ಒಂದು ರಾತ್ರಿಯ ಎದುರಾಳಿಗಳು ಆ ಬಳಿಕ ಸ್ನೇಹಿತರಾಗಿದ್ದರು. ಶವಪೆಟ್ಟಿಗೆಯ ಬಳಿ ಚಿತ್ರವೊಂದನ್ನಿಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ, ಇಬ್ಬರೂ ಕೈಕುಲುಕಿದ ಅದೇ ಚಿತ್ರ. ಹಾರ್ಕ್‌ನೆಸ್ ೨೦೨೧ರಲ್ಲಿ ಗತಿಸಿದರು.

ಆ ಋತುವಿನ ಪಟ್ಟಿಯಲ್ಲಿ ಮಿಸಿಸಿಪಿ ಸ್ಟೇಟಿನ ಹೆಸರಿನ ಮುಂದೆ ಈಸ್ಟ್ ಲ್ಯಾನ್ಸಿಂಗ್‌ನ ಪಂದ್ಯ ಒಂದು ಸೋಲೆಂದೇ ಬರೆದಿದೆ. ಆದರೆ ಅವರ ಎಲ್ಲ ಗೆಲುವುಗಳಿಗಿಂತ ಆ ಸೋಲನ್ನೇ ಜಗತ್ತು ನೆನಪಿಟ್ಟುಕೊಂಡಿದೆ. ಬರುವ ವರ್ಷ ನಮ್ಮ ಅಂಗಳದಲ್ಲಿ ತಂಡಗಳನ್ನು ಆರಿಸುವಾಗ, ಯಾರು ಗೆಲ್ಲುವರೆಂದು ಕೇಳುವ ಮುಂಚೆ, ಆಡಬಲ್ಲವರಲ್ಲಿ ಯಾರನ್ನು ನಾವು ಕರೆಯದೆ ಬಿಟ್ಟಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳೋಣ.